ವಿಶ್ರಾಂತಿಯೂ ದುಡಿಮೆಯ ಒಂದು ಭಾಗ



ಕಳೆದ ಮಳೆಗಾಲ ಮುಗಿಯುತ್ತಾ ಬಂದಾಗ ನಮ್ಮ ಧರ್ಮಕೇಂದ್ರದ ಒಂದು ಮನೆಗೆ ಭೇಟಿಗೆ ಹೋಗಿದ್ದೆ. ಜಗಲಿಯಲ್ಲಿ ಇಪ್ಪತ್ತೆರಡು ವರ್ಷದ ಮಗ ಬಲಗಾಲನ್ನು ಸ್ಟೂಲಿನ ಮೇಲೆ ಚಾಚಿ ಕುಳಿತಿದ್ದ. ಪೊಲೀಸ್ ಕಾನ್‌ಸ್ಟೇಬಲ್ ಹುದ್ದೆಯ ಲಿಖಿತ ಪರೀಕ್ಷೆಯಲ್ಲಿ ಅವನು ಪಾಸಾಗಿದ್ದ. ದೇಹದಾರ್ಢ್ಯ ಪರೀಕ್ಷೆಗೆ ಮೂರೇ ವಾರ ಉಳಿದಿತ್ತು. ಅಷ್ಟರಲ್ಲಿ ಮೊಣಗಂಟಿನ ಕೆಳಗಿನ ಎಲುಬಿನಲ್ಲಿ ಕೂದಲೆಳೆಯಷ್ಟು ಸೀಳು ಬಿಟ್ಟಿತು. ಆರರಿಂದ ಎಂಟು ವಾರ ಓಡುವಂತಿಲ್ಲ ಎಂದು ಡಾಕ್ಟರು ಹೇಳಿದ್ದರು.

ಅವನು ಬಿದ್ದಿರಲಿಲ್ಲ, ಎಲ್ಲಿಗೂ ತಾಗಿಸಿಕೊಂಡೂ ಇರಲಿಲ್ಲ. ದಿನಚರಿ ಕೇಳಿದೆ. ಬೆಳಿಗ್ಗೆ ಐದು ಗಂಟೆಗೆ ಎದ್ದು ರಬ್ಬರ್ ಟ್ಯಾಪಿಂಗ್. ಆಮೇಲೆ ತಂದೆಯ ಜೊತೆ ಅಡಿಕೆ ತೋಟದಲ್ಲಿ ಕೆಲಸ. ಸಂಜೆ ಡಾಮರು ರಸ್ತೆಯಲ್ಲಿ ಆರು ಕಿಲೋಮೀಟರ್ ಓಟ. ರಾತ್ರಿ ಹಟ್ಟಿಯ ಜಂತಿಗೆ ಕಟ್ಟಿದ ಕಬ್ಬಿಣದ ಸರಳಿನಲ್ಲಿ ಪುಲ್‌ಅಪ್ಸ್. ಎರಡು ತಿಂಗಳಲ್ಲಿ ಒಂದು ದಿನವೂ ತಪ್ಪಿಸಿರಲಿಲ್ಲ. ನೋವು ಶುರುವಾದಾಗ ಎಕ್ಸ್‌ರೇ ತೆಗೆಸಿದ್ದರು. ಅದರಲ್ಲಿ ಏನೂ ಕಾಣಲಿಲ್ಲವೆಂದು ಅಂಗಡಿಯಿಂದ ನೋವಿನ ಮಾತ್ರೆ ತಂದು ನುಂಗಿ ಮತ್ತೆ ಓಡಿದ್ದ. ಇಂತಹ ಸೀಳು ಮೊದಲ ಎರಡು ಮೂರು ವಾರ ಎಕ್ಸ್‌ರೇಯಲ್ಲಿ ಕಾಣದಿರುವುದು ಸಾಮಾನ್ಯ ಎಂಬುದು ಅವನಿಗೆ ಗೊತ್ತಿರಲಿಲ್ಲ.

ತಾಯಿ ಕಣ್ಣೊರೆಸಿಕೊಂಡು ಹೇಳಿದರು: "ಫಾದರ್, ಅವನು ಸೋಮಾರಿಯಲ್ಲ. ಒಂದು ದಿನವೂ ಸುಮ್ಮನೆ ಕೂತವನಲ್ಲ."

"ಅದೇ ಅಮ್ಮಾ, ತೊಂದರೆಯಾದದ್ದು" ಎಂದೆ.

ತಂದೆಗೆ ನನ್ನ ಮಾತು ಹಿಡಿಸಲಿಲ್ಲ. "ನಾವು ಇಡೀ ಜೀವಮಾನ ದುಡಿದಿದ್ದೇವೆ ಫಾದರ್, ನಮಗೇನಾಗಿದೆ?" ಎಂದರು. ಸೊಂಟಕ್ಕೆ ಕೈ ಕೊಟ್ಟುಕೊಂಡೇ ಹೇಳಿದರು. ಮಗ ಮೆಲ್ಲಗೆ, "ಒಂದು ದಿನ ಬಿಟ್ಟರೆ ಅಭ್ಯಾಸ ಮಾಡಿದ್ದೆಲ್ಲ ಹೋಗುತ್ತದೆ ಅಂತ ಹೆದರಿಕೆಯಾಗುತ್ತಿತ್ತು" ಎಂದ.

ಈ ಹೆದರಿಕೆ ಅವನೊಬ್ಬನದ್ದಲ್ಲ. ಹೊಲ, ತೋಟದಲ್ಲಿ ದುಡಿಯುವ ನಮ್ಮ ಮನೆಗಳಲ್ಲಿ ವಿಶ್ರಾಂತಿ ಎಂದರೆ ಸೋಮಾರಿತನ ಎಂದೇ ನಡೆದುಕೊಂಡು ಬಂದಿದೆ. ಆದ್ದರಿಂದ ಈ ಸಲದ ಪಾಠಕ್ಕೆ ಇದೇ ವಿಷಯ. ಶಕ್ತಿ ಬೆಳೆಯುವುದು ದುಡಿಯುವಾಗಲ್ಲ, ದುಡಿದ ನಂತರದ ವಿಶ್ರಾಂತಿಯಲ್ಲಿ. ಈ ಮಾತು ಏಕೆ ನಿಜ, ಅದನ್ನು ನಮ್ಮ ದಿನಚರಿಯಲ್ಲಿ ಹೇಗೆ ಪಾಲಿಸಬಹುದು ಎಂಬುದನ್ನು ನೋಡೋಣ.

ರಬ್ಬರ್ ಮರದಿಂದ ಕಲಿಯೋಣ

ಆ ಮನೆಯ ಹಿಂದೆಯೇ ರಬ್ಬರ್ ತೋಟವಿತ್ತು. ನಾನು ತಂದೆಯನ್ನು ಕೇಳಿದೆ: "ಒಂದೇ ಮರವನ್ನು ನೀವು ದಿನಾ ಟ್ಯಾಪಿಂಗ್ ಮಾಡುತ್ತೀರಾ?"

"ಎಲ್ಲಾದರೂ ಉಂಟೇ ಫಾದರ್! ದಿನ ಬಿಟ್ಟು ದಿನ. ದಿನಾ ಕಡಿದರೆ ಪಟ್ಟೆ ಒಣಗಿ ಹೋಗುತ್ತದೆ" ಎಂದರು.

ರಬ್ಬರ್ ಬೆಳೆಗಾರರಿಗೆಲ್ಲ ಇದು ತಿಳಿದ ವಿಷಯ. ಒಮ್ಮೆ ಹಾಲು ಇಳಿದ ಮೇಲೆ ತೊಗಟೆಯ ಒಳಗಿನ ಹಾಲ್ನಾಳಗಳು ಕಳೆದುಕೊಂಡದ್ದನ್ನು ಮತ್ತೆ ತಯಾರಿಸಿಕೊಳ್ಳಲು ಎರಡು ಮೂರು ದಿನ ಬೇಕು. ಅದಕ್ಕಾಗಿಯೇ ದಿನ ಬಿಟ್ಟು ದಿನದ ಕ್ರಮ ಬಂದಿದೆ. ಹೆಚ್ಚು ಹಾಲು ಕೊಡುವ ಆದರೆ ಪಟ್ಟೆ ಒಣಗುವ ಸ್ವಭಾವವಿರುವ ಆರ್‌ಆರ್‌ಐಐ 105 ತಳಿಗೆ ಮೂರು ದಿನಕ್ಕೊಮ್ಮೆ ಟ್ಯಾಪಿಂಗ್ ಮಾಡುವುದು ಒಳ್ಳೆಯದೆಂಬ ಶಿಫಾರಸಿದೆ. ಆಸೆಗೆ ಬಿದ್ದು ದಿನಾ ಕಡಿದರೆ ಮೊದಲು ಕೆಲವು ವಾರ ಡಬ್ಬಿ ತುಂಬುತ್ತದೆ. ಆಮೇಲೆ ಹಾಲು ತೆಳ್ಳಗಾಗುತ್ತದೆ, ಒಣ ರಬ್ಬರಿನ ಅಂಶ ಇಳಿಯುತ್ತದೆ. ಕೊನೆಗೆ ಕಡಿದರೂ ಹಾಲು ಬರುವುದಿಲ್ಲ.

ನಮ್ಮ ಹಿರಿಯರು ಉಳುವ ಕೋಣಗಳ ವಿಷಯದಲ್ಲಿಯೂ ಹೀಗೆಯೇ ನಡೆದುಕೊಂಡರು. ನಸುಕಿನಲ್ಲಿ ನೊಗ ಹೂಡಿ, ಬಿಸಿಲು ಏರುವ ಮೊದಲು ಬಿಚ್ಚಿ, ಮೈ ತೊಳೆದು, ಹುಲ್ಲು ಹಾಕಿ ನೆರಳಿನಲ್ಲಿ ಕಟ್ಟುತ್ತಿದ್ದರು. ಮರಕ್ಕೂ ಕೋಣಕ್ಕೂ ಕೊಟ್ಟ ವಿಶ್ರಾಂತಿಯನ್ನು ನಮ್ಮ ಮಕ್ಕಳಿಗೂ ನಮಗೂ ಕೊಡಲು ಏಕೆ ಮರೆತೆವು?

ಮೈಯೊಳಗೆ ನಡೆಯುವುದೇನು?

ಭಾರ ಎತ್ತುವಾಗ, ಗುಡ್ಡೆ ಹತ್ತುವಾಗ, ಓಡುವಾಗ ಮೈಯಲ್ಲಿ ಕೆಲವು ಬದಲಾವಣೆಗಳಾಗುತ್ತವೆ.

ಮೊದಲನೆಯದಾಗಿ, ಸ್ನಾಯುಗಳ ನೂಲಿನಂತಹ ಎಳೆಗಳಲ್ಲಿ ಅತಿ ಸಣ್ಣ ಹರುಕುಗಳು ಉಂಟಾಗುತ್ತವೆ. ಹೊಸ ಕೆಲಸ ಮಾಡಿದ ಮರುದಿನ, ಅದರ ಮರುದಿನ ಮೈಕೈ ನೋಯುವುದಕ್ಕೆ ಮುಖ್ಯ ಕಾರಣ ಇದೇ. ಈ ನೋವು ಸಾಮಾನ್ಯವಾಗಿ ಒಂದರಿಂದ ಮೂರು ದಿನಗಳ ಒಳಗೆ ಹೆಚ್ಚಾಗಿ ಆಮೇಲೆ ಇಳಿಯುತ್ತದೆ. ಈ ಅವಧಿಯಲ್ಲಿ ಶರೀರ ಆಹಾರದ ಪ್ರೋಟೀನಿನಿಂದ ಹರುಕುಗಳನ್ನು ಸರಿಪಡಿಸುತ್ತದೆ. ಮೊದಲಿಗಿಂತ ತುಸು ಗಟ್ಟಿಯಾಗಿಯೇ ಸರಿಪಡಿಸುತ್ತದೆ. ಈ ದುರಸ್ತಿಯ ಕೆಲಸ ವ್ಯಾಯಾಮದ ನಂತರ 24ರಿಂದ 48 ಗಂಟೆಗಳ ಕಾಲ ಜೋರಾಗಿ ನಡೆಯುತ್ತದೆ.

ಎರಡನೆಯದಾಗಿ, ಸ್ನಾಯುಗಳಲ್ಲಿ ಮತ್ತು ಪಿತ್ತಜನಕಾಂಗದಲ್ಲಿ ಗ್ಲೈಕೋಜನ್ ಎಂಬ ರೂಪದಲ್ಲಿ ಕೂಡಿಟ್ಟ ಸಕ್ಕರೆ ಖರ್ಚಾಗುತ್ತದೆ. ದೀರ್ಘ ದುಡಿಮೆಯಿಂದ ಬರಿದಾದ ಈ ಉಗ್ರಾಣ ಮತ್ತೆ ತುಂಬಲು, ಹೊಟ್ಟೆ ತುಂಬ ಊಟ ಮಾಡಿದರೂ, ಸುಮಾರು ಒಂದು ದಿನ ಬೇಕು.

ಮೂರನೆಯದಾಗಿ, ಎಲುಬು. ಎಲುಬು ಕಲ್ಲಿನಂತೆ ನಿರ್ಜೀವ ವಸ್ತುವಲ್ಲ. ಅದರ ಮೇಲೆ ಹೊಸ ಭಾರ ಬಿದ್ದಾಗ ಶರೀರ ಮೊದಲು ಹಳೆಯ ಎಲುಬಿನ ಅಂಶವನ್ನು ಅಲ್ಲಲ್ಲಿ ಕೆರೆದು ತೆಗೆಯುತ್ತದೆ. ಇದಕ್ಕೆ ಎರಡು ಮೂರು ವಾರ ಸಾಕು. ಆ ಜಾಗದಲ್ಲಿ ಹೊಸದನ್ನು ತುಂಬಿಸಲು ಮಾತ್ರ ತಿಂಗಳುಗಳೇ ಬೇಕು. ಹಳೆಯ ಗೋಡೆ ಕೆಡವಿ ಹೊಸ ಗೋಡೆ ಏಳುವ ಮುಂಚೆ ಮಾಡಿನ ಭಾರ ಹಾಕಿದ ಹಾಗೆ, ಆ ಸಮಯದಲ್ಲಿ ಬಿಡುವಿಲ್ಲದೆ ಓಡಿದರೆ ಎಲುಬು ಸೀಳುತ್ತದೆ. ಸ್ನಾಯುವನ್ನು ಎಲುಬಿಗೆ ಕಟ್ಟುವ ನಾರುಗಳೂ ನಿಧಾನವಾಗಿಯೇ ಗಟ್ಟಿಯಾಗುತ್ತವೆ. ಉಸಿರು ಮತ್ತು ಸ್ನಾಯು ಬೇಗ ಪಳಗುವುದರಿಂದ "ನನಗೆ ಇನ್ನೂ ಓಡಲು ಆಗುತ್ತದೆ" ಎಂದು ಮನಸ್ಸು ಹೇಳುತ್ತದೆ. ಎಲುಬು ಇನ್ನೂ ತಯಾರಾಗಿರುವುದಿಲ್ಲ. ನಮ್ಮ ಹುಡುಗನಿಗೆ ಆದದ್ದು ಇದೇ.

ಒಂದು ದಿನ ಬಿಟ್ಟರೆ ಎಲ್ಲ ಹೋಗುತ್ತದೆಯೇ? ಇಲ್ಲ. ಚೆನ್ನಾಗಿ ಪಳಗಿದ ಶರೀರ ಎರಡು ಮೂರು ದಿನದ ಬಿಡುವಿನಿಂದ ಏನನ್ನೂ ಕಳೆದುಕೊಳ್ಳುವುದಿಲ್ಲ. ಓಟದ ದಮ್ಮು ಗಮನಕ್ಕೆ ಬರುವಷ್ಟು ಇಳಿಯಲು ಸುಮಾರು ಎರಡು ವಾರ ಪೂರ್ತಿ ಬಿಡಬೇಕು. ಸ್ನಾಯುವಿನ ಬಲ ಇಳಿಯಲು ಅದಕ್ಕಿಂತಲೂ ಹೆಚ್ಚು ಸಮಯ ಬೇಕು.

ತೋಟದ ಕೆಲಸವೇ ವ್ಯಾಯಾಮವಲ್ಲವೇ?

ಈ ಪ್ರಶ್ನೆಯನ್ನು ಅನೇಕರು ಕೇಳುತ್ತಾರೆ. ತೋಟದ ಕೆಲಸದಿಂದ ಮೈಗೆ ಚಲನೆ ಸಿಗುತ್ತದೆ, ನಿಜ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಪ್ರಮಾಣದ ಚಟುವಟಿಕೆ ಬೇಕು. ನಮ್ಮ ರೈತರು ಅಷ್ಟನ್ನು ಎರಡೇ ದಿನದಲ್ಲಿ ಮುಗಿಸುತ್ತಾರೆ.

ಆದರೆ ವ್ಯಾಯಾಮ ಮಾಡುವವನು ಅರ್ಧ ಗಂಟೆ ಓಡಿ ನಿಲ್ಲುತ್ತಾನೆ. ದಣಿದರೆ ನಡೆಯುತ್ತಾನೆ, ನೋವಾದರೆ ಮನೆಗೆ ಹೋಗುತ್ತಾನೆ. ದುಡಿಯುವವನಿಗೆ ಆ ಸ್ವಾತಂತ್ರ್ಯವಿಲ್ಲ. ಎಂಟು ಗಂಟೆ ಬಗ್ಗಿಯೇ ಇರಬೇಕು, ಅದೇ ಭುಜದಲ್ಲಿ ಹೊರಬೇಕು, ನಾಳೆಯೂ ಅದನ್ನೇ ಮಾಡಬೇಕು. ಹೃದಯಕ್ಕೂ ಕೀಲುಗಳಿಗೂ ಚೇತರಿಸಿಕೊಳ್ಳಲು ಬಿಡುವು ಸಿಗುವುದಿಲ್ಲ. ಈ ಕಾರಣದಿಂದ ಹೊಟ್ಟೆಪಾಡಿನ ಭಾರವಾದ ದುಡಿಮೆಯು ಬಿಡುವಿನ ವೇಳೆಯ ವ್ಯಾಯಾಮದಷ್ಟು ಆರೋಗ್ಯ ಕೊಡುವುದಿಲ್ಲವೆಂದು ಡೆನ್ಮಾರ್ಕಿನ ಸಂಶೋಧಕರು ವಾದಿಸಿದ್ದಾರೆ. ಬಡತನ, ಧೂಮಪಾನದಂತಹ ಬೇರೆ ಕಾರಣಗಳ ಪಾಲು ಅದರಲ್ಲಿ ಎಷ್ಟು ಎಂಬ ಚರ್ಚೆ ಇನ್ನೂ ನಡೆಯುತ್ತಿದೆ. ನಮಗೆ ಬೇಕಾದ ಪಾಠ ಮಾತ್ರ ಸ್ಪಷ್ಟ: ಬಿಡುವಿಲ್ಲದ ದುಡಿಮೆ ಮೈಯನ್ನು ಸವೆಸುತ್ತದೆ.

ಇನ್ನೊಂದು ಮಾತು. ಶರೀರಕ್ಕೆ ಇರುವುದು ಒಂದೇ ಲೆಕ್ಕದ ಪುಸ್ತಕ. ಬೆಳಗಿನ ಟ್ಯಾಪಿಂಗ್, ಮಧ್ಯಾಹ್ನದ ಗೊಬ್ಬರ ಹೊರುವಿಕೆ, ಸಂಜೆಯ ಓಟ, ರಾತ್ರಿಯ ನಿದ್ದೆಗೇಡು ಎಲ್ಲವನ್ನೂ ಅದು ಅದೇ ಪುಸ್ತಕದಲ್ಲಿ ಖರ್ಚು ಬರೆಯುತ್ತದೆ. ಮಂಗಳೂರಿನ ಜಿಮ್ಮಿಗೆ ಹೋಗುವ ಗೆಳೆಯನ ವ್ಯಾಯಾಮದ ಪಟ್ಟಿಯನ್ನು ತೋಟದಲ್ಲಿ ದುಡಿಯುವ ಹುಡುಗ ಹಾಗೆಯೇ ಅನುಸರಿಸಬಾರದು. ಆ ಗೆಳೆಯ ಹಗಲೆಲ್ಲ ಕುರ್ಚಿಯಲ್ಲಿ ಕುಳಿತಿರುತ್ತಾನೆ.

ವಿಶ್ರಾಂತಿಯ ನಾಲ್ಕು ಬಗೆ

1. ಕೆಲಸದ ನಡುವಿನ ಬಿಡುವು. ದಣಿದು ಬೀಳುವ ತನಕ ಕಾಯದೆ ಗಂಟೆಗೊಮ್ಮೆ ಐದು ಹತ್ತು ನಿಮಿಷ ನೆರಳಿನಲ್ಲಿ ಕುಳಿತುಕೊಳ್ಳಿ. ಬಗ್ಗಿ ಮಾಡುವ ಕೆಲಸವಾದರೆ ನೆಟ್ಟಗೆ ನಿಂತು ಸೊಂಟವನ್ನು ಹಿಂದಕ್ಕೆ ಬಾಗಿಸಿ. ಬಿಸಿಲಿನ ಕೆಲಸದಲ್ಲಿ ಪ್ರತಿ 15–20 ನಿಮಿಷಕ್ಕೊಮ್ಮೆ ಒಂದು ಲೋಟ ನೀರು ಕುಡಿಯಿರಿ. ಬಾಯಾರಿದ ಮೇಲೆ ಒಮ್ಮೆಗೇ ಒಂದು ಚೊಂಬು ಕುಡಿಯುವುದಕ್ಕಿಂತ ಇದು ಮೇಲು. ಉಪ್ಪು ಹಾಕಿದ ಗಂಜಿ ತಿಳಿ, ಮಜ್ಜಿಗೆ, ಬೊಂಡ ಇವೆಲ್ಲ ಒಳ್ಳೆಯವು. ಹೃದಯ ಅಥವಾ ಕಿಡ್ನಿಯ ತೊಂದರೆಯಿರುವವರು ನೀರಿನ ಅಳತೆಯನ್ನು ಡಾಕ್ಟರರಲ್ಲಿ ಕೇಳಬೇಕು. ಕೇರಳದ ಕಾರ್ಮಿಕ ಇಲಾಖೆ ಹಲವು ಬೇಸಿಗೆಗಳಲ್ಲಿ, ಬಿಸಿಲಿನಲ್ಲಿ ದುಡಿಯುವವರಿಗೆ ಮಧ್ಯಾಹ್ನ 12ರಿಂದ 3ರ ತನಕ ವಿಶ್ರಾಂತಿ ಕೊಡಬೇಕೆಂದು ಆದೇಶ ಹೊರಡಿಸಿದೆ. ನಮ್ಮ ಸ್ವಂತ ತೋಟದಲ್ಲಿ ನಮಗೆ ಆದೇಶ ಕೊಡುವವರು ಯಾರೂ ಇಲ್ಲ. ನಾವೇ ಕೊಟ್ಟುಕೊಳ್ಳಬೇಕು. ಕೆಲಸಕ್ಕೆ ಬಂದವರಿಗೂ ಕೊಡಬೇಕು.

2. ರಾತ್ರಿಯ ನಿದ್ದೆ. ವಯಸ್ಕರಿಗೆ ಕನಿಷ್ಠ 7 ಗಂಟೆ, 14ರಿಂದ 17 ವಯಸ್ಸಿನವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ಮೈಯ ದುರಸ್ತಿಗೆ ನೆರವಾಗುವ ಬೆಳವಣಿಗೆಯ ಹಾರ್ಮೋನು ಹೆಚ್ಚಾಗಿ ಸ್ರವಿಸುವುದು ರಾತ್ರಿಯ ಮೊದಲ ಗಾಢ ನಿದ್ದೆಯಲ್ಲಿ. ಅಮೆರಿಕದ ಲಾಸ್ ಏಂಜಲೀಸಿನಲ್ಲಿ 112 ಮಂದಿ ಕ್ರೀಡಾ ವಿದ್ಯಾರ್ಥಿಗಳನ್ನು ಗಮನಿಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 8 ಗಂಟೆಗಿಂತ ಕಡಿಮೆ ನಿದ್ದೆ ಮಾಡುವವರಿಗೆ ಗಾಯವಾಗುವ ಸಂಭವ ಉಳಿದವರಿಗಿಂತ 1.7 ಪಟ್ಟು ಇತ್ತು. ಐದು ಗಂಟೆಗೆ ಟ್ಯಾಪಿಂಗಿಗೆ ಏಳುವವನು ರಾತ್ರಿ ಒಂಬತ್ತೂವರೆಗೆ ಮಲಗಲೇಬೇಕು. ಮಲಗಿ ಹನ್ನೊಂದರ ತನಕ ಮೊಬೈಲ್ ನೋಡಿದರೆ ಅದು ವಿಶ್ರಾಂತಿಯಾಗುವುದಿಲ್ಲ. "ಮೈಕೈ ನೋವಿಗೆ" ಎಂದು ಸ್ವಲ್ಪ ಕುಡಿದು ಮಲಗುವವರೂ ಇದ್ದಾರೆ. ಮದ್ಯ ಬೇಗ ನಿದ್ದೆ ತರಿಸಬಹುದು. ಆದರೆ ನಡುರಾತ್ರಿಯ ನಂತರದ ನಿದ್ದೆಯನ್ನು ಕೆಡಿಸುತ್ತದೆ, ಸ್ನಾಯುವಿನ ದುರಸ್ತಿಯನ್ನೂ ತಡೆಯುತ್ತದೆ.

3. ವಾರದ ಬಿಡುವು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನ ಮದ್ದುಗುಂಡು ಕಾರ್ಖಾನೆಗಳು ಆದಿತ್ಯವಾರವೂ ಬಿಡದೆ ನಡೆಯುತ್ತಿದ್ದವು. ಕಾರ್ಮಿಕರ ಆರೋಗ್ಯದ ಬಗ್ಗೆ 1915ರಲ್ಲಿ ಸರಕಾರ ನೇಮಿಸಿದ ಸಮಿತಿಗಾಗಿ ಎಚ್. ಎಮ್. ವರ್ನನ್ ಎಂಬ ವಿಜ್ಞಾನಿ ಲೆಕ್ಕ ತೆಗೆದರು. ವಾರಕ್ಕೆ 60 ಗಂಟೆಗೂ ಮೀರಿ ದುಡಿಯುತ್ತಿದ್ದ ಹೆಂಗಸರ ಕೆಲಸದ ಅವಧಿಯನ್ನು ಇಳಿಸಿದಾಗ ಒಟ್ಟು ಉತ್ಪಾದನೆ ಇಳಿಯಲಿಲ್ಲ, ಏರಿತು! ಯುದ್ಧದ ತುರ್ತಿನಲ್ಲಿಯೂ ವಾರಕ್ಕೊಂದು ದಿನ ಬಿಡುವು ಲಾಭವೇ ಎಂದು ಆ ಸಮಿತಿ ಹೇಳಿತು. ನಮಗೆ ಆದಿತ್ಯವಾರದ ವಿಶ್ರಾಂತಿ ಹಿಂದಿನಿಂದಲೇ ಬಂದಿದೆ. ಪೂಜೆ ಮುಗಿಸಿ ಬಂದು ಮಧ್ಯಾಹ್ನದಿಂದ ಮತ್ತೆ ತೋಟಕ್ಕೆ ಇಳಿಯುವುದು ಈಗೀಗ ಹೆಚ್ಚಾಗುತ್ತಿದೆ. ಹಾಲು ಕರೆಯುವುದನ್ನು, ಹುಲ್ಲು ಹಾಕುವುದನ್ನು ತಪ್ಪಿಸಲಾಗದು. ಗುಂಡಿ ತೋಡುವುದನ್ನು ಸೋಮವಾರಕ್ಕೆ ಇಡಬಹುದಲ್ಲ?

4. ಹಂಗಾಮಿನ ಬಿಡುವು. ಒಂದು ಹಂಗಾಮಿನ ದೊಡ್ಡ ಕೆಲಸ ಮುಗಿದ ಮೇಲೆ ಕೆಲವು ದಿನ ಹಗುರ ಕೆಲಸ ಇಟ್ಟುಕೊಳ್ಳಿ. ದೀರ್ಘ ಬಿಡುವಿನ ನಂತರ ಕೆಲಸಕ್ಕೆ ಮರಳುವಾಗಲೂ ನಿಧಾನ ಬೇಕು. ಬಿಸಿಲಿನ ಕೆಲಸಕ್ಕೆ ಹೊಸಬರಾದವರು ಮೊದಲ ದಿನ ಪೂರ್ತಿ ಕೆಲಸದ ಐದನೇ ಒಂದು ಪಾಲು ಮಾತ್ರ ಮಾಡಿ, ದಿನಕ್ಕೆ ಅಷ್ಟಷ್ಟೇ ಏರಿಸಬೇಕು. ಹಳಬರಾದರೂ ಜ್ವರದಿಂದಲೋ ಊರು ಬಿಟ್ಟು ಹೋಗಿಯೋ ಒಂದೆರಡು ವಾರ ತಪ್ಪಿದ್ದರೆ ಮೊದಲ ದಿನ ಅರ್ಧ ಕೆಲಸ ಸಾಕು. ನಾಲ್ಕನೇ ದಿನಕ್ಕೆ ಪೂರ್ತಿ ಕೆಲಸಕ್ಕೆ ಬರಬಹುದು. ಜ್ವರ ಇರುವಾಗ ಬೆವರಿಳಿಸಿ ದುಡಿದು ಜ್ವರ ಬಿಡಿಸುತ್ತೇನೆ ಎಂಬ ಹಠ ಬೇಡವೇ ಬೇಡ.

ಈ ಪಾಠವನ್ನು ನಾನೂ ತಪ್ಪು ಮಾಡಿಯೇ ಕಲಿತವನು. ಐವತ್ತು ದಾಟಿದಾಗ ರಕ್ತದ ಸಕ್ಕರೆ ಗಡಿಯಲ್ಲಿದೆ, ದಿನಕ್ಕೆ ಅರ್ಧ ಗಂಟೆ ನಡೆಯಿರಿ ಎಂದು ಡಾಕ್ಟರು ಹೇಳಿದರು. ಅರ್ಧ ಗಂಟೆ ಏನು, ಒಂದೂವರೆ ಗಂಟೆ ನಡೆಯುತ್ತೇನೆ ಎಂದು ಮೊದಲ ದಿನದಿಂದಲೇ ಗುಡ್ಡೆ ಹತ್ತಿಳಿದೆ. ಹತ್ತನೇ ದಿನ ಬೆಳಿಗ್ಗೆ ಹಿಮ್ಮಡಿ ನೆಲಕ್ಕೆ ಊರಲು ಆಗಲಿಲ್ಲ. ಎರಡು ತಿಂಗಳು ಪೂಜೆಗೆ ನಿಲ್ಲುವುದೇ ಕಷ್ಟವಾಯಿತು. ಈಗ ಅರ್ಧ ಗಂಟೆಯೇ ನಡೆಯುತ್ತೇನೆ, ವಾರಕ್ಕೆ ಐದು ದಿನ.

ಪರೀಕ್ಷೆಗೆ, ಆಟಕ್ಕೆ ತಯಾರಾಗುವ ಯುವಜನರಿಗೆ

ಕೇರಳ ಪೊಲೀಸ್ ನೇಮಕಾತಿಯಲ್ಲಿ ಪುರುಷರಿಗೆ ಎಂಟು ಬಗೆಯ ಪರೀಕ್ಷೆಗಳಿದ್ದು ಐದರಲ್ಲಿ ಗೆಲ್ಲಬೇಕು. 100 ಮೀಟರ್ ಓಟ 14 ಸೆಕೆಂಡಿನಲ್ಲಿ, 1500 ಮೀಟರ್ ಓಟ 5 ನಿಮಿಷ 44 ಸೆಕೆಂಡಿನಲ್ಲಿ, 8 ಪುಲ್‌ಅಪ್ಸ್, ಹಗ್ಗ ಹತ್ತುವುದು, ಗುಂಡೆಸೆತ, ಚೆಂಡೆಸೆತ, ಎತ್ತರ ಜಿಗಿತ, ಉದ್ದ ಜಿಗಿತ. ಇದಕ್ಕೆ ತಯಾರಾಗುವವರು ಈ ರೀತಿಯ ಒಂದು ವಾರದ ಕ್ರಮವನ್ನು ಇಟ್ಟುಕೊಳ್ಳಬಹುದು.

ಸೋಮವಾರ: ಮೈ ಬಿಸಿ ಮಾಡಿಕೊಂಡು 200 ಅಥವಾ 400 ಮೀಟರಿನ ವೇಗದ ಓಟ, ನಾಲ್ಕರಿಂದ ಆರು ಸಲ. ಎರಡು ಓಟಗಳ ನಡುವೆ ಎರಡು ಮೂರು ನಿಮಿಷ ನಡಿಗೆ.
ಮಂಗಳವಾರ: ಹಗುರವಾದ ದಿನ. ಅರ್ಧ ಗಂಟೆ ನಡಿಗೆ, ಮೈ ಎಳೆಯುವ ವ್ಯಾಯಾಮ.
ಬುಧವಾರ: ಪುಲ್‌ಅಪ್ಸ್, ಹಗ್ಗ, ಗುಂಡೆಸೆತ.
ಗುರುವಾರ: ವ್ಯಾಯಾಮವಿಲ್ಲ.
ಶುಕ್ರವಾರ: ಮಾತನಾಡುತ್ತಾ ಓಡಬಹುದಾದಷ್ಟು ನಿಧಾನದ ಉದ್ದ ಓಟ.
ಶನಿವಾರ: ಜಿಗಿತದ ಅಭ್ಯಾಸ, ಸ್ವಲ್ಪ ಪುಲ್‌ಅಪ್ಸ್.
ಆದಿತ್ಯವಾರ: ಪೂರ್ತಿ ವಿಶ್ರಾಂತಿ.

ಈ ಕ್ರಮದಲ್ಲಿ ಮೂರು ಗುಟ್ಟುಗಳಿವೆ. ಒಂದು, ಜೋರಿನ ಓಟದ ಮರುದಿನ ಮತ್ತೆ ಜೋರಿನ ಓಟ ಇಲ್ಲ. ಅದೇ ಸ್ನಾಯುವಿಗೆ ಮತ್ತೆ ಕಷ್ಟ ಕೊಡುವ ಮುಂಚೆ 48 ಗಂಟೆಯ ಬಿಡುವಿದೆ. ಎರಡು, ಪ್ರತಿ ನಾಲ್ಕನೇ ವಾರ ಅಭ್ಯಾಸವನ್ನು ಅರ್ಧದಷ್ಟಕ್ಕೆ ಇಳಿಸಬೇಕು. ಮೂರು, ಪರೀಕ್ಷೆಗೆ ಮುಂಚಿನ ಒಂದೆರಡು ವಾರ ವೇಗ ಉಳಿಸಿಕೊಂಡು ಓಟದ ದೂರವನ್ನು ಕಡಿಮೆ ಮಾಡಬೇಕು. ಹೆಚ್ಚಿನವರು ಇದಕ್ಕೆ ವಿರುದ್ಧವಾಗಿ, ಪರೀಕ್ಷೆ ಹತ್ತಿರ ಬಂದಂತೆ ಎರಡು ಪಾಲು ಓಡುತ್ತಾರೆ. ಆ ಹೊತ್ತಿನಲ್ಲಿ ಮಾಡಿದ್ದು ಬಲವಾಗಿ ಬೆಳೆಯಲು ಸಮಯವಿರುವುದಿಲ್ಲ, ದಣಿವಾಗಿ ಮಾತ್ರ ಉಳಿಯುತ್ತದೆ.

ಅಡಿಕೆ ಕೊಯ್ಲು, ಮದ್ದು ಬಿಡುವುದು, ಗೊಬ್ಬರ ಹೊರುವುದು ಇದ್ದ ದಿನವನ್ನು ಜೋರಿನ ದಿನವೆಂದೇ ಲೆಕ್ಕ ಹಾಕಿ, ಸಂಜೆಯ ಓಟ ಬಿಡಿ. ಆದಷ್ಟು ಮಣ್ಣಿನ ಮೈದಾನದಲ್ಲಿ ಓಡಿ. ಊಟದಲ್ಲಿ ಗಂಜಿಯ ಜೊತೆ ಹೆಸರು, ಹುರುಳಿ, ಮೊಟ್ಟೆ, ಮೀನು ಇವುಗಳಲ್ಲಿ ಯಾವುದಾದರೂ ದಿನಾ ಇರಲಿ. ಬೆಳಿಗ್ಗೆ ಏಳುವ ಮೊದಲು ಮಲಗಿದಲ್ಲೇ ಒಂದು ನಿಮಿಷ ನಾಡಿ ಎಣಿಸಿ ಬರೆದಿಡಿ. ಯಾವಾಗಲೂ ಇರುವುದಕ್ಕಿಂತ ಎಂಟು ಹತ್ತು ಬಡಿತ ಹೆಚ್ಚು ಎರಡು ಮೂರು ದಿನ ಕಂಡರೆ, ಜೊತೆಗೆ ನಿದ್ದೆ ಬಾರದೆ ಸಿಟ್ಟು ಹೆಚ್ಚಾದರೆ, ಮೈ ಬಿಡುವು ಕೇಳುತ್ತಿದೆ ಎಂದು ತಿಳಿಯಿರಿ.

ನೋವಿನ ಮಾತ್ರೆ ನುಂಗಿ ಓಡಬೇಡಿ. ನೋವು ಎಚ್ಚರಿಸುವ ನಾಯಿಯಂತೆ. ಮಾತ್ರೆಯಿಂದ ನಾಯಿಯ ಬಾಯಿ ಕಟ್ಟಬಹುದು, ಕಳ್ಳ ಹೋಗುವುದಿಲ್ಲ. ಬೆವರಿ ನೀರು ಕಡಿಮೆಯಾದ ಮೈಗೆ ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಂತಹ ಮಾತ್ರೆಗಳು ಕಿಡ್ನಿಗೂ ಹಾನಿ ಮಾಡಬಲ್ಲವು.

ಮನೆಯ ಹೆಂಗಸರಿಗೆ ವಿಶ್ರಾಂತಿ ಎಲ್ಲಿದೆ?

ಆ ಮನೆಯಲ್ಲಿ ಈ ಎಲ್ಲ ಮಾತು ನಡೆಯುವಾಗ ತಾಯಿ ಮಾತ್ರ ಕುಳಿತಿರಲಿಲ್ಲ. ಚಹಾ ತಂದರು, ಹಟ್ಟಿಗೆ ಹೋದರು, ಅಂಗಳದಲ್ಲಿ ಒಣಗಿಸಿದ ಅಡಿಕೆ ಒಟ್ಟು ಮಾಡಿದರು. ಗಂಡಸರು ತೋಟದಿಂದ ಬಂದರೆ ಜಗಲಿಯಲ್ಲಿ ಕುಳಿತುಕೊಳ್ಳಬಹುದು. ಹೆಂಗಸರು ಅದೇ ತೋಟದಿಂದ ಬಂದು ಒಲೆಯ ಮುಂದೆ ನಿಲ್ಲುತ್ತಾರೆ. ಆದಿತ್ಯವಾರ ನೆಂಟರು ಬಂದರೆ ಅವರಿಗೆ ಕೆಲಸ ಎರಡು ಪಾಲು.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ 100ಕ್ಕೆ 57 ಮಂದಿಗೆ ರಕ್ತಹೀನತೆಯಿದೆ. ರಕ್ತ ಕಡಿಮೆಯಿದ್ದವರಿಗೆ ಅದೇ ಕೆಲಸ ಎರಡು ಪಾಲು ಭಾರವಾಗಿ ತೋರುತ್ತದೆ. ಹೆಂಡತಿ, ತಾಯಿ ಅಥವಾ ಸೊಸೆ "ಯಾವಾಗಲೂ ಸುಸ್ತು" ಎಂದರೆ ಗೊಣಗಾಟವೆಂದು ತಳ್ಳಬೇಡಿ. ಆರೋಗ್ಯ ಕೇಂದ್ರದಲ್ಲಿ ರಕ್ತಪರೀಕ್ಷೆ ಮಾಡಿಸಿ. ವಾರಕ್ಕೊಂದು ಹೊತ್ತಾದರೂ ಗಂಡಸರು ಮತ್ತು ಮಕ್ಕಳು ಅಡಿಗೆ, ಪಾತ್ರೆ, ಹಟ್ಟಿಯ ಕೆಲಸ ವಹಿಸಿಕೊಳ್ಳಲಿ. ಮನೆಯಲ್ಲಿ ಒಬ್ಬರ ವಿಶ್ರಾಂತಿ ಇನ್ನೊಬ್ಬರ ದುಡಿಮೆಯಿಂದಲೇ ಬರುವುದಾದರೆ ಅದನ್ನು ಸರದಿಯಲ್ಲಿ ಹಂಚಿಕೊಳ್ಳುವುದು ನ್ಯಾಯ.

ದಣಿವಲ್ಲ, ರೋಗ — ಎಚ್ಚರಿಕೆ!

ವಿಶ್ರಾಂತಿ ಎಲ್ಲಕ್ಕೂ ಮದ್ದಲ್ಲ. ಕೆಳಗಿನವು ಕಂಡರೆ ಮಲಗಿ ಕಾಯಬಾರದು.

* ಎದೆಯಲ್ಲಿ ಬಿಗಿತ, ಎಡಗೈ ಅಥವಾ ದವಡೆಗೆ ಹರಡುವ ನೋವು, ತಣ್ಣನೆ ಬೆವರು: ಕೂಡಲೇ ಆಸ್ಪತ್ರೆಗೆ.
* ಬಿಸಿಲಿನಲ್ಲಿ ದುಡಿಯುವಾಗ ಮಾತು ತೊದಲಿದರೆ, ಗೊಂದಲವಾದರೆ, ಎಚ್ಚರ ತಪ್ಪಿದರೆ: ನೆರಳಿಗೆ ಒಯ್ದು ಮೈಗೆ ನೀರು ಸುರಿದು ಗಾಳಿ ಹಾಕುತ್ತಲೇ ಆಸ್ಪತ್ರೆಗೆ ಸಾಗಿಸಿ. ಎಚ್ಚರವಿಲ್ಲದವರ ಬಾಯಿಗೆ ನೀರು ಹಾಕಬೇಡಿ.
* ಅತಿ ಕಷ್ಟದ ಕೆಲಸ ಅಥವಾ ವ್ಯಾಯಾಮದ ನಂತರ ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗಿದರೆ: ಸ್ನಾಯು ಒಡೆದು ಅದರ ಅಂಶ ಕಿಡ್ನಿಗೆ ಹೋಗುತ್ತಿರಬಹುದು. ಅದೇ ದಿನ ಡಾಕ್ಟರರನ್ನು ಕಾಣಿ.
* ಎಲುಬಿನ ಒಂದೇ ಜಾಗದಲ್ಲಿ ಬೆರಳಿಟ್ಟು ತೋರಿಸಬಹುದಾದ ನೋವು ಇದ್ದು ಓಡಿದಂತೆ ಹೆಚ್ಚಾದರೆ: ಓಟ ನಿಲ್ಲಿಸಿ. ಎಕ್ಸ್‌ರೇಯಲ್ಲಿ ಕಾಣದಿದ್ದರೂ ನೋವು ಹೋಗುವ ತನಕ ಓಡಬೇಡಿ, ಮತ್ತೆ ತೋರಿಸಿ.
* ಮಳೆಗಾಲದಲ್ಲಿ ಗದ್ದೆ, ತೋಡು, ಹಟ್ಟಿಯ ನೀರಿನಲ್ಲಿ ಕೆಲಸ ಮಾಡಿದವರಿಗೆ ಜ್ವರ, ತಲೆನೋವು, ಕಣ್ಣು ಕೆಂಪಾಗುವುದು, ಮೀನಖಂಡದ ಸ್ನಾಯುಗಳಲ್ಲಿ ತೀವ್ರ ನೋವು: ಇದು ಇಲಿಜ್ವರವಿರಬಹುದು. ಕೆಲಸದ ಮೈಕೈ ನೋವೆಂದು ಎರಡು ದಿನ ಕಾದವರ ಜೀವಕ್ಕೇ ಅಪಾಯವಾಗಬಹುದು.
* ಚೆನ್ನಾಗಿ ಮಲಗಿ ಎದ್ದರೂ ವಾರಗಟ್ಟಲೆ ಹೋಗದ ಸುಸ್ತು, ತೂಕ ಇಳಿಯುವುದು, ಬಿಡದ ಕೆಮ್ಮು, ಯಾವುದರಲ್ಲೂ ಮನಸ್ಸಿಲ್ಲದಿರುವುದು: ಸಕ್ಕರೆ ಕಾಯಿಲೆ, ಥೈರಾಯ್ಡ್, ಕ್ಷಯ, ಖಿನ್ನತೆ ಇವೆಲ್ಲ ದಣಿವಿನ ವೇಷದಲ್ಲಿ ಬರುತ್ತವೆ. ಪರೀಕ್ಷೆ ಮಾಡಿಸಿ.

ನೆನಪಿಡಬೇಕಾದ ಅಂಶಗಳು

1. ದುಡಿಮೆ ಮೈಯನ್ನು ದಣಿಸುತ್ತದೆ, ವಿಶ್ರಾಂತಿ ಅದನ್ನು ಬಲಗೊಳಿಸುತ್ತದೆ. ಎರಡೂ ಸೇರಿದರೆ ಮಾತ್ರ ಲಾಭ.
2. ತೋಟದ ಕೆಲಸ ಮತ್ತು ವ್ಯಾಯಾಮವನ್ನು ಒಟ್ಟಿಗೆ ಲೆಕ್ಕ ಹಾಕಬೇಕು.
3. ರಾತ್ರಿ ಕನಿಷ್ಠ 7 ಗಂಟೆ ನಿದ್ದೆ, ವಾರಕ್ಕೆ ಕನಿಷ್ಠ ಒಂದು ದಿನ ಬಿಡುವು.
4. ಏನನ್ನೇ ಹೊಸದಾಗಿ ಆರಂಭಿಸುವಾಗ ಸ್ವಲ್ಪದಿಂದ ಆರಂಭಿಸಿ.
5. ನೋವನ್ನು ಮಾತ್ರೆಯಿಂದ ಮುಚ್ಚಬೇಡಿ.

ಮನೆಯಲ್ಲಿ ಮಾತನಾಡಿಕೊಳ್ಳಲು

* ಕಳೆದ ವಾರ ನಮ್ಮ ಮನೆಯಲ್ಲಿ ಯಾರಿಗೆ ಒಂದು ಪೂರ್ತಿ ದಿನ ವಿಶ್ರಾಂತಿ ಸಿಕ್ಕಿತು? ಯಾರಿಗೆ ಸಿಗಲಿಲ್ಲ?
* ನಮ್ಮ ಕೆಲಸಗಳಲ್ಲಿ ಮಧ್ಯಾಹ್ನದ ಬಿಸಿಲಿನಿಂದ ಬೆಳಗಿನ ಹೊತ್ತಿಗೆ ಬದಲಾಯಿಸಬಹುದಾದದ್ದು ಯಾವುದು?
* ಕೆಲಸಕ್ಕೆ ಬರುವವರಿಗೆ ಕುಳಿತುಕೊಳ್ಳಲು ನೆರಳು, ಕುಡಿಯಲು ನೀರು ಇಟ್ಟಿದ್ದೇವೆಯೇ?

ಕೊನೆಯದಾಗಿ, ಆ ಹುಡುಗನ ಸುದ್ದಿ. ಆ ಸಲದ ಪರೀಕ್ಷೆ ಕೈತಪ್ಪಿತು. ಅದನ್ನು ಯಾರೂ ಮರಳಿ ತಂದುಕೊಡಲಾರರು. ಆದರೆ ಎಲುಬು ಕೂಡಿಕೊಂಡಿದೆ, ವಯಸ್ಸಿನ ಮಿತಿ ಇನ್ನೂ ಮೀರಿಲ್ಲ. ಮತ್ತೆ ಅರ್ಜಿ ಹಾಕಿದ್ದಾನೆ. ಕಳೆದ ತಿಂಗಳು ಹೋದಾಗ ಗೋಡೆಯ ಕ್ಯಾಲೆಂಡರಿನಲ್ಲಿ ಎರಡು ಬಣ್ಣದ ಗುರುತುಗಳನ್ನು ಕಂಡೆ. ಒಂದು ಬಣ್ಣ ಓಟದ ದಿನಕ್ಕೆ, ಇನ್ನೊಂದು ಬಿಡುವಿನ ದಿನಕ್ಕೆ. "ಅದು ಟ್ಯಾಪಿಂಗ್ ಲೆಕ್ಕವೋ, ಮಗನ ಲೆಕ್ಕವೋ?" ಎಂದು ತಂದೆಯನ್ನು ಕೇಳಿದೆ. "ಎರಡೂ ಒಂದೇ ಫಾದರ್" ಎಂದು ನಕ್ಕರು. ಈ ಸಲ ಅವರು ನಿಂತುಕೊಂಡಿರಲಿಲ್ಲ. ಬೆನ್ನಿಗೆ ದಿಂಬು ಕೊಟ್ಟು ಜಗಲಿಯಲ್ಲಿ ಕುಳಿತಿದ್ದರು. ಪಕ್ಕದ ಕುರ್ಚಿಯಲ್ಲಿ ಮಗನ ತಾಯಿಯೂ ಕುಳಿತಿದ್ದರು. ಚಹಾ ಮಾಡಿ ತಂದದ್ದು ಮಗ.